ಸೋರುವುದು ನಿಂತ ಮೇಲೆ

"ಹಾಕು," ಎಂದಳು ಶೀಲಾವತಿ. "ಪೂರ್ತಿ ಹಾಕು. ಕಂಜೂಸುತನ ಮಾಡ್ಬೇಡ."

ಸಮನ್ವಿತಾ ಸ್ಟೀಲಿನ ಲೋಟವನ್ನು ಬಗ್ಗಿಸಿದಳು. ಪುನರ್ಪುಳಿ ಹಣ್ಣಿನ ಕಡುಗೆಂಪು ರಸ ಫ್ಲಶ್ ಟ್ಯಾಂಕಿನೊಳಗೆ ಬಿದ್ದು, ಒಂದು ಮೂಲೆಯಲ್ಲಿ ಗಟ್ಟಿಯಾಗಿ ನಿಂತು, ಆಮೇಲೆ ಮೆಲ್ಲಗೆ ಇಡೀ ನೀರಿಗೆ ಹಬ್ಬಿತು.

"ಅತ್ತೆ ನೋಡಿದ್ರೆ ನನ್ನ ಕಥೆ ಮುಗೀತು. ಶರಬತ್ತಿಗೆ ಅಂತ ಮಾಡಿ ಇಟ್ಟದ್ದು."

"ನಿನ್ನ ಅತ್ತೆಗೆ ನಾನು ಹೇಳ್ತೇನೆ. ಇನ್ನು ಫ್ಲಶ್ ಒತ್ಲಿಕ್ಕಿಲ್ಲ. ಕಮೋಡನ್ನೇ ನೋಡ್ತಾ ನಿಲ್ಲುದು. ಅಷ್ಟೇ ಕೆಲಸ."

ಗಂಡ ಕಾಣೆಯಾದ ಮನೆಯಲ್ಲಿ ಇಬ್ಬರು ಹೆಂಗಸರು ಹಾಡುಹಗಲೇ ಕಕ್ಕಸಿನ ಬಾಗಿಲು ಹಾಕಿಕೊಂಡು ಕಮೋಡನ್ನು ದಿಟ್ಟಿಸುತ್ತ ನಿಂತರೆ ನೋಡಿದವರು ಏನೆಂದುಕೊಂಡಾರು! ಶೀಲಾವತಿ ಅಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವಳಲ್ಲ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತಳಾಗಿ ಸುಳ್ಯದ ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಕರೆದರೆ ಬಾರದ ಪ್ಲಂಬರುಗಳಿಗೆ ಬೈದು ಬೈದು ಸಾಕಾಗಿ, ತನ್ನ ಮನೆಯ ನಲ್ಲಿ, ಪೈಪು, ಫ್ಲಶ್ಶುಗಳ ರಿಪೇರಿಯನ್ನು ತಾನೇ ಕಲಿತವಳು. ಸೋರುವ ನೀರಿನ ಸದ್ದು ಕೇಳಿದರೆ ಅವಳಿಗೆ ತಲೆ ಚಿಟ್ಟು ಹಿಡಿಯುತ್ತದೆ.

ಕೆದಂಬಾಡಿಯ ಈ ಮನೆಗೆ ನಿನ್ನೆ ಕಾಲಿಟ್ಟಾಗಿನಿಂದ ಆ ಸದ್ದು ಅವಳನ್ನು ಬಿಟ್ಟಿರಲಿಲ್ಲ. ಯಾರೂ ಫ್ಲಶ್ ಒತ್ತದೆ ಇದ್ದರೂ ಟ್ಯಾಂಕಿಗೆ ಸುರ್ರೆಂದು ನೀರು ಬೀಳುತ್ತಿತ್ತು. ಎಷ್ಟು ಬಿದ್ದರೂ ತುಂಬಿದ ಲಕ್ಷಣವಿರಲಿಲ್ಲ.

ಅವಳು ಬಂದದ್ದೇನೋ ಟ್ಯಾಂಕಿಗಾಗಿ ಅಲ್ಲ. ಏಪ್ರಿಲಿನ ಬಿಸು ಹಬ್ಬದ ಮರುದಿನ ಮನೆ ಬಿಟ್ಟ ಪ್ರಸನ್ನ ಮತ್ತೆ ಬಂದಿರಲಿಲ್ಲ. ಅವನ ಬೈಕು ಜಾಲ್ಸೂರಿನ ಜಂಕ್ಷನ್ನಿನಲ್ಲಿ ಸಿಕ್ಕಿತ್ತು. ಕಾಸರಗೋಡಿನ ಬಸ್ಸು ಹತ್ತಿ ಹೋದ ಎಂದು ಊರೆಲ್ಲ ನಂಬಿತ್ತು. ಹೆಂಡತಿ ಸಮನ್ವಿತಾ ಮಾತ್ರ ನಂಬದೆ, ಸುಳ್ಯಕ್ಕೆ ಬಂದು ಶೀಲಾವತಿಯ ಎದುರು ಕೈಮುಗಿದು ನಿಂತಿದ್ದಳು. ಗಂಡ ಬದುಕಿದ್ದಾನೋ ಇಲ್ಲವೋ, ಅಷ್ಟು ಹೇಳಿದರೆ ಸಾಕು ಎಂದಿದ್ದಳು.

"ಅಕ್ಕ," ಎಂದಳು ಸಮನ್ವಿತಾ ಈಗ, ಸಣ್ಣ ಸ್ವರದಲ್ಲಿ. "ನೋಡಿ."

ಕಮೋಡಿನ ಬಿಳಿ ಪಿಂಗಾಣಿಯ ಮೇಲೆ ಒಂದು ಕೆಂಪು ಗೆರೆ ಇಳಿಯುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಕೆಳಗಿನ ನೀರು ನೋಡುತ್ತಿದ್ದಂತೆಯೇ ಬಣ್ಣ ಹಿಡಿಯಿತು. ಪುನರ್ಪುಳಿ ಎಂದು ಇಬ್ಬರಿಗೂ ಗೊತ್ತು. ಆದರೂ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

"ತಳದಿಂದಲೇ ಸೋರುದು," ಎಂದಳು ಶೀಲಾವತಿ. "ಬಾಲ್ ಸರಿ ಉಂಟು, ಪೈಪು ಸರಿ ಉಂಟು. ಅಡಿಯ ತೂತನ್ನು ಮುಚ್ಚುವ ರಬ್ಬರು ಸರಿ ಕೂತಿಲ್ಲ. ಒಂದು ಹಳೇ ಬಟ್ಟೆ ತಾ."

ಟ್ಯಾಂಕಿಗೆ ನೀರು ಬರುವ ನಲ್ಲಿಯನ್ನು ತಿರುಗಿಸಿ ಮುಚ್ಚಿದಳು. ಫ್ಲಶ್ ಒತ್ತಿ ಇದ್ದ ನೀರನ್ನೆಲ್ಲ ಇಳಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯ ನೋವಿಗೆ ಒಂದು ಬೈಗುಳ ಕೊಟ್ಟು, ತೋಳನ್ನು ಟ್ಯಾಂಕಿನ ಅಡಿಯವರೆಗೆ ಇಳಿಬಿಟ್ಟಳು.

ಬೆರಳಿಗೆ ಮೊದಲು ಸಿಕ್ಕಿದ್ದು ಮಣ್ಣು. ಹೊಯಿಗೆಯ ತರಿತರಿ ಇಲ್ಲದ, ಮುಟ್ಟಿದರೆ ಜಾರುವ ನುಣ್ಣನೆಯ ಮಣ್ಣು. ಕೈ ಮೇಲೆತ್ತಿ ನೋಡಿದರೆ ಬೆರಳೆಲ್ಲ ಬೆಳ್ಳಗೆ.

"ಶೇಡಿ," ಎಂದಳು ಸಮನ್ವಿತಾ, ಆಶ್ಚರ್ಯದಿಂದ. "ಶೇಡಿ ಇಲ್ಲಿಗೆ ಹೇಗೆ ಬಂತು?"

"ಯಾಕೆ ಬರಬಾರದು?"

"ಇಲ್ಲಿಗೆ ಬರುದು ಬಾವಿ ನೀರಲ್ವಾ? ಬಾವಿಯಲ್ಲಿ ಬರೀ ಕೆಂಪು ಮುರಕಲ್ಲು. ಬಿಳಿ ಶೇಡಿ ಇರುದು ಸುರಂಗದಲ್ಲಿ ಮಾತ್ರ."

ಶೀಲಾವತಿ ಟ್ಯಾಂಕಿನೊಳಗೆ ಇಣುಕಿದಳು. ಗೋಡೆಯ ತುಂಬ ಬಾವಿ ನೀರಿನ ಕೆಂಗಂದು ತುಕ್ಕು, ವರ್ಷಗಟ್ಟಲೆ ಕೂತು ಗಟ್ಟಿಯಾದದ್ದು. ಅದರ ಮೇಲೆ ತೆಳ್ಳಗೆ, ಹೊಸದಾಗಿ, ಬಿಳಿಯ ಪದರ. ಮೊದಲು ಬಾವಿ ನೀರು ಬರುತ್ತಿತ್ತು; ಈಚೆಗೆ ಸುರಂಗದ್ದು ಬರುತ್ತಿದೆ. ಇಷ್ಟು ಹೇಳಲು ಪೊಲೀಸರೇ ಬೇಕಾಗಿಲ್ಲ.

ಆದರೆ ಈ ಮನೆಯಲ್ಲಿ ಅದು ಆಗುವ ಮಾತಲ್ಲ. ಹಿತ್ತಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರಕ್ಕೆ ಹಿಂದಿನವರು ಕೊರೆಸಿದ ಸುರಂಗವಿದೆ. ಅದರ ನೀರು ಪಂಪು, ಕರೆಂಟು ಏನೂ ಬೇಡದೆ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. ಅದು ದೇವರ ತಲೆಗೆ ಮತ್ತು ಅಡುಗೆಗೆ. ಬಾವಿಯ ನೀರು ಸ್ನಾನಕ್ಕೆ ಮತ್ತು ಕಕ್ಕಸಿಗೆ. ಹಳೆಯ ಮನೆ ಕೆಡವಿ ಈ ತಾರಸಿ ಮನೆ ಕಟ್ಟುವಾಗ ಅತ್ತೆ ಗೋದಾವರಿಯಮ್ಮ ಬಿಸಿಲಲ್ಲಿ ಕುರ್ಚಿ ಹಾಕಿ ಕೂತು, ಎರಡು ಪೈಪು ಎಲ್ಲೂ ಒಂದಾಗದ ಹಾಗೆ ನೋಡಿಕೊಂಡವರು. ನಿನ್ನೆ ಶೀಲಾವತಿ ಬಂದ ಕೂಡಲೇ ಬೆಲ್ಲದ ತುಂಡು, ಒಂದು ಚೆಂಬು ನೀರು ಮುಂದಿಟ್ಟು, "ಕುಡೀರಿ, ನಮ್ಮ ಸುರಂಗದ ನೀರು, ಫ್ರಿಜ್ಜಿಗಿಂತ ತಂಪು," ಎಂದು ಹೆಮ್ಮೆಪಟ್ಟಿದ್ದರು. ಶೀಲಾವತಿಗೆ ಅದರಲ್ಲಿ ಅಂಥ ತಂಪೇನೂ ಕಂಡಿರಲಿಲ್ಲ. ನಾಲಿಗೆಗೆ ಸ್ವಲ್ಪ ಕಬ್ಬಿಣ ತಾಗಿದಂತಾಗಿತ್ತು. ಚೆಂಬಿನದ್ದಿರಬೇಕು ಎಂದು ಸುಮ್ಮನಾಗಿದ್ದಳು.

"ನಿನ್ನ ಅತ್ತೆಗೆ ಇದು ಗೊತ್ತುಂಟಾ?"

"ಗೊತ್ತಾದ್ರೆ ಇಡೀ ಮನೆ ತೊಳೆಸಿಯಾರು. ದೇವರ ನೀರು ಕಕ್ಕಸಿಗೆ! ನಮ್ಮಲ್ಲಿ ಯಾರೂ ಹಾಗೆ ಮಾಡ್ಲಿಕ್ಕಿಲ್ಲ ಅಕ್ಕ."

"ಯಾರೋ ಮಾಡಿದ್ದಾರೆ."

ಬಟ್ಟೆಯಿಂದ ಶೇಡಿಯನ್ನು ಒರೆಸಿ ತೆಗೆದಳು. ರಬ್ಬರಿನ ಬಿಲ್ಲೆಯನ್ನು ಮೆಲ್ಲಗೆ ಎತ್ತಿ ಅದರ ಅಡಿಗೆ ಬೆರಳು ಓಡಿಸಿದಳು. ಬೆರಳು ಅಲ್ಲೇ ನಿಂತಿತು.

ಗಟ್ಟಿಯಾದ ಏನೋ ಒಂದು. ಎಳೆದರೆ ಬರಲಿಲ್ಲ. ಮೊಬೈಲಿನ ಟಾರ್ಚು ಹಿಡಿಯಲು ಹೇಳಿ, ಕಣ್ಣು ಕಿರಿದು ಮಾಡಿ ನೋಡಿದಳು. ಹಿಡಿಸೂಡಿಯಿಂದ ತೆಗೆದ ತೆಂಗಿನ ಕಡ್ಡಿಯ ಒಂದು ತುಂಡು, ರಬ್ಬರಿನ ಅಂಚಿನ ಅಡಿಗೆ ಅಡ್ಡಲಾಗಿ ಇತ್ತು. ಗುಡಿಸುವಾಗ ಮುರಿದು ಬಿದ್ದದ್ದಲ್ಲ. ಎರಡೂ ತುದಿಗಳನ್ನು ಪಿಸ್ಕತ್ತಿಯಲ್ಲಿ ನೀಟಾಗಿ ಕೊಯ್ದು, ಸಪೂರ ತಾಮ್ರದ ತಂತಿಯಿಂದ ರಬ್ಬರಿಗೇ ಬಿಗಿದಿದ್ದರು. ಎಷ್ಟು ಸಲ ಫ್ಲಶ್ ಒತ್ತಿದರೂ ಅದು ಜಾರುವಂತಿರಲಿಲ್ಲ. ರಬ್ಬರು ಎಂದೂ ಪೂರ್ತಿ ಕೂರುವಂತೆಯೂ ಇರಲಿಲ್ಲ.

ಶೀಲಾವತಿಗೆ ಬೆನ್ನಿನಲ್ಲಿ ಚಳಿ ಹತ್ತಿದಂತಾಯಿತು. ಮೇ ತಿಂಗಳ ಸೆಕೆಯಲ್ಲಿ ಆ ಚಳಿ ಅವಳಿಗೆ ಒಂದಿಷ್ಟೂ ಹಿತವೆನಿಸಲಿಲ್ಲ. ಟ್ಯಾಂಕು ಹಾಳಾಗಿ ಸೋರಿದರೆ ಅದೊಂದು ರಗಳೆ, ಅಷ್ಟೆ. ಸೋರಲಿ ಎಂದು ಒಬ್ಬರು ಕೂತು ತಂತಿ ಬಿಗಿದರೆ ಅದಕ್ಕೆ ಬೇರೆಯೇ ಹೆಸರು.

"ಎಂತ ಸಿಕ್ಕಿತು?"

"ಕಸ," ಎಂದಳು ಶೀಲಾವತಿ. ತಂತಿ ಬಿಚ್ಚಿ, ಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ಸಮನ್ವಿತಾ, ಈ ಸೋರುದು ಯಾವಾಗಿಂದ?"

"ಅವರು ಹೋದ ಮೇಲೆ. ಬಿಸು ಕಳೆದು ಎರಡು ಮೂರು ದಿವಸದಲ್ಲಿ ಇರಬೇಕು. ಪ್ಲಂಬರನ್ನು ಕರೆಯುವಾ ಅಂತ ನಾನು ಹೇಳಿದೆ. ಬೇಡ, ನಾನೇ ಸರಿ ಮಾಡ್ತೇನೆ ಅಂದ್ರು ಭಾವ. ಹಾಗೆ ಉಳಿಯಿತು."

ಭಾವ ಎಂದರೆ ಶ್ಯಾಮ, ಪ್ರಸನ್ನನ ಅಣ್ಣ. ಗೇಟಿನ ತಿರುಗಣಿ ಕೀರೆಂದರೆ ಅದೇ ದಿನ ಎಣ್ಣೆ ಬಿಡುವ ಮನುಷ್ಯ. ಅಂಥವನು ಇಷ್ಟು ದಿನ ಈ ಸದ್ದನ್ನು ಸಹಿಸಿಕೊಂಡು ಕೂತಿದ್ದಾನೆ. ಮನೆಯ ಉಳಿದವರ ಕಥೆ ಬೇರೆ. ಸುರಂಗದ ನೀರು ಹಗಲಿರುಳು ಹರಿಯುವ ಮನೆಯಲ್ಲಿ ಹುಟ್ಟಿ ಬೆಳೆದವರು ನೀರಿನ ಸದ್ದಿಗೆ ಕಿವಿಗೊಡುವುದಿಲ್ಲ.

"ಭಾವ ಎಲ್ಲಿ?"

"ಪುತ್ತೂರಿಗೆ ಹೋಗಿದ್ದಾರೆ. ಊಟಕ್ಕೆ ಬರ್ತಾರೆ."

ಶೀಲಾವತಿ ರಬ್ಬರನ್ನು ಒತ್ತಿ ಕೂರಿಸಿ ನಲ್ಲಿ ತೆರೆದಳು. ಟ್ಯಾಂಕು ತುಂಬುತ್ತ ಬಂತು, ಬಾಲ್ ಮೇಲೇರಿತು, ನೀರು ಸಣ್ಣಗಾಯಿತು, ನಿಂತಿತು.

ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಅಡುಗೆಮನೆಯಲ್ಲಿ ಗೋದಾವರಿಯಮ್ಮ ತೆಂಗಿನಕಾಯಿ ತುರಿಯುವುದು ಈಗ ಇಲ್ಲಿಗೂ ಕೇಳುತ್ತಿತ್ತು. ಕೆಲಸ ಚೆನ್ನಾಗಿ ಆದ ತೃಪ್ತಿ ಶೀಲಾವತಿಗೆ ಆಗಬೇಕಿತ್ತು. ಆಗಲಿಲ್ಲ. ಯಾರೋ ಬೇಕೆಂದೇ ತೆರೆದಿಟ್ಟ ಬಾಗಿಲನ್ನು ತಿಳಿಯದೆ ಮುಚ್ಚಿಬಿಟ್ಟೆ ಎಂಬ ಅಳುಕು ಬಂತು.

ಸಮನ್ವಿತಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ಅಕ್ಕ, ನಿಮಗೆ ಎಂತ ಅನಿಸ್ತದೆ? ಅವರು ಬದುಕಿದ್ದಾರಾ?"

ಸುಳ್ಳು ಸಮಾಧಾನ ಹೇಳಿ ಶೀಲಾವತಿಗೆ ಅಭ್ಯಾಸವಿಲ್ಲ. "ಗೊತ್ತಿಲ್ಲ ಮಗಳೇ," ಎಂದಳು.

ಹಿತ್ತಲಿಗೆ ಹೋಗಿ ಗೋಡೆ ನೋಡಿದಳು. ಗುಡ್ಡದಿಂದ ಸುರಂಗದ ನೀರು ತರುವ ಕಪ್ಪು ಪೈಪು, ಬಾವಿ ನೀರು ತುಂಬುವ ತಾರಸಿಯ ಟ್ಯಾಂಕಿನಿಂದ ಇಳಿಯುವ ಬಿಳಿ ಪೈಪು, ಎರಡೂ ಅಕ್ಕಪಕ್ಕ. ಅವುಗಳ ಕೆಳಭಾಗ ಕಾಣದಂತೆ ತೆಂಗಿನ ಒಣ ಮಡಲುಗಳ ರಾಶಿ. ಕೈಗೆ ಸಿಕ್ಕ ನಾಲ್ಕಾರು ಮಡಲು ಎಳೆದು ಹಾಕಿದಾಗ ಕಪ್ಪು ಪೈಪಿಗೆ ಹೊಸ ಜೋಡಣೆ ಕಂಡಿತು. ಅಂಟಿನ ಕಲೆ ಇನ್ನೂ ಮಾಸಿರಲಿಲ್ಲ. ಅಲ್ಲಿಂದ ಅದು ನೆಟ್ಟಗೆ ಕಕ್ಕಸಿನ ಗೋಡೆಯೊಳಗೆ ಹೋಗಿತ್ತು. ಉಳಿದ ಮಡಲನ್ನು ಎಳೆಯುವಷ್ಟರಲ್ಲಿ ಅಂಗಳದಲ್ಲಿ ಸ್ಕೂಟರಿನ ಸದ್ದಾಯಿತು.

ಶ್ಯಾಮ ಕೈಕಾಲು ತೊಳೆದು ಜಗಲಿ ಹತ್ತಿದ. ಸೌಮ್ಯ ಮುಖದ ಮನುಷ್ಯ, ಮಾತು ಕಡಿಮೆ. ಶೀಲಾವತಿಯನ್ನು ಕಂಡು ನಕ್ಕು, "ಪೇಟೆಯಲ್ಲಿ ಎಂಥ ಸೆಕೆ ಮಾರಾಯ್ರೆ, ಡಾಮರು ಕರಗಿ..." ಎನ್ನುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ.

ಅವನು ಕಿವಿಗೊಟ್ಟು ಕೇಳುತ್ತಿದ್ದ. ಕೇಳಲು ಅಲ್ಲಿ ಏನೂ ಇರಲಿಲ್ಲ.

"ನೀರು," ಎಂದ. "ನೀರು ಎಂತ ಆಯಿತು?"

ಉತ್ತರಕ್ಕೆ ಕಾಯಲಿಲ್ಲ. ಅಂಗಿಯನ್ನೂ ಬಿಚ್ಚದೆ ನೇರ ಕಕ್ಕಸಿಗೆ ನುಗ್ಗಿದ. ಒಳಗೆ ಫ್ಲಶ್ ಆಯಿತು. ಟ್ಯಾಂಕು ತುಂಬುವ ಮೊದಲೇ ಇನ್ನೊಮ್ಮೆ ಆಯಿತು. ಮತ್ತೂ ಒಮ್ಮೆ. ಫ್ಲಶ್ಶಿನ ಗುಂಡಿಯನ್ನು ಗುದ್ದಿದ ಸದ್ದು ಕೇಳಿತು. ಸಮನ್ವಿತಾ ಗಾಬರಿಯಿಂದ ಶೀಲಾವತಿಯ ಕೈ ಹಿಡಿದಳು.

"ಭಾವನಿಗೆ ಎಂತ ಆಗಿದೆ ಅಕ್ಕ?"

"ನೀನು ಇಲ್ಲೇ ನಿಲ್ಲು."

ಬಾಗಿಲು ತೆರೆದಾಗ ಶ್ಯಾಮನ ಮುಖ ಬೆವರಿನಿಂದ ತೋಯ್ದಿತ್ತು. ಎದುರಿಗೆ ಶೀಲಾವತಿ. ಅವಳ ಅಂಗೈಯಲ್ಲಿ ಕರವಸ್ತ್ರ, ಕರವಸ್ತ್ರದ ಮೇಲೆ ಕಡ್ಡಿ ಮತ್ತು ತಂತಿ.

"ಇದನ್ನಾ ಹುಡುಕಿದ್ದು?"

ಶ್ಯಾಮ ಕಡ್ಡಿಯನ್ನು ನೋಡಿದ. "ಯಾರು ಸರಿ ಮಾಡಿದ್ದು?"

"ನಾನು."

"ಮನೆಗೆ ಬಂದ ನೆಂಟರು ನೀವು. ಕಕ್ಕಸಿನ ರಿಪೇರಿ ನಿಮಗೆ ಯಾಕೆ ಮಾರಾಯ್ರೆ?"

"ಸೋರುವ ಸದ್ದು ಕೇಳಿದ್ರೆ ನನಗೆ ನಿದ್ದೆ ಬರುದಿಲ್ಲ. ನಿಮಗೆ ಸೋರದಿದ್ರೆ ಬರುದಿಲ್ಲವಾ?"

ಅವನು ನಗಲು ನೋಡಿದ. ನಗು ಬರಲಿಲ್ಲ. "ಮರೆಮಾಚುವಂಥದ್ದು ಎಂತದೂ ಇಲ್ಲ. ಸುರಂಗದ ಒಳಗೆ ಮೇಲಿನ ಮಣ್ಣು ಸ್ವಲ್ಪ ಜರಿದಿದೆ. ನೀರಿನಲ್ಲಿ ಶೇಡಿ ಬರ್ತಾ ಇತ್ತು. ನಿಂತ್ರೆ ಪೈಪಿನಲ್ಲಿ ಗಟ್ಟಿಯಾಗ್ತದೆ. ಹಾಗೆ ಸ್ವಲ್ಪ ಸಮಯ ಹರಿಯಲಿ ಅಂತ ಬಿಟ್ಟದ್ದು. ತಪ್ಪಾ?"

ಒಪ್ಪಬಹುದಾದ ಮಾತೇ. ಶೀಲಾವತಿ ತಲೆಯಾಡಿಸಿದಳು. ಒಪ್ಪಿದಳು ಎಂದುಕೊಂಡು ಶ್ಯಾಮ ಉಸಿರು ಬಿಟ್ಟ.

"ಬುದ್ಧಿವಂತರು ನೀವು," ಎಂದಳು. "ಆದ್ರೆ ಒಂದು ಸಂಶಯ. ಇಲ್ಲಿ ಹಿತ್ತಲಿನಲ್ಲಿ ಒಂದು ಕಣಿ ಉಂಟಲ್ಲ, ತೋಟಕ್ಕೆ ಹೋಗುದು. ಮೊದಲೆಲ್ಲ ಮಿಕ್ಕಿದ ನೀರು ಅದರಲ್ಲೇ ಹೋಗ್ತಿತ್ತಂತೆ. ಈಗ ಒಣಗಿ ಬಿರುಕು ಬಿಟ್ಟಿದೆ. ಪೈಪಿನ ಬಾಯಿಯನ್ನು ಕಣಿಗೆ ಇಟ್ಟಿದ್ರೆ ಆಗ್ತಿತ್ತು. ಅಂಟು, ಜೋಡಣೆ, ಕಡ್ಡಿ, ತಂತಿ, ಇಷ್ಟೆಲ್ಲ ಕಸರತ್ತು ಮಾಡಿ ಸುರಂಗದ ನೀರನ್ನು ಕಕ್ಕಸಿಗೆ ತಿರುಗಿಸಿದ್ದು ಯಾಕೆ?"

"ಕಣಿಯಲ್ಲಿ ಹೋದ್ರೆ ಅಮ್ಮ ಅದನ್ನು ತಗೊಳ್ತಾರೆ."

"ತಗೊಂಡು?"

"ದನಕ್ಕೆ ಕುಡಿಸ್ತಾರೆ. ಪಾತ್ರೆ ತೊಳೀತಾರೆ."

"ತೊಳೀಲಿ. ಬರೀ ಶೇಡಿ ಅಲ್ವಾ? ಶೇಡಿ ನೀರು ಕುಡಿದು ದನ ಸತ್ತದ್ದನ್ನು ನಾನಂತೂ ಕೇಳಿಲ್ಲ."

ಶ್ಯಾಮನ ಕಣ್ಣು ಶೀಲಾವತಿಯನ್ನು ದಾಟಿ ಹಿತ್ತಲ ಬಾಗಿಲಿನತ್ತ, ಅದರಾಚೆಯ ಗುಡ್ಡದತ್ತ ಹೋಗಿ ಬಂತು.

"ಪೈಪನ್ನು ಮುಚ್ಚಿ ಬಿಡಬಹುದಿತ್ತು," ಎಂದಳು ಶೀಲಾವತಿ, ಸ್ವರ ತಗ್ಗಿಸಿ. "ಮುಚ್ಚಲಿಲ್ಲ. ಯಾಕೆ? ಮುಚ್ಚಿದ್ರೆ ನೀರು ಸುರಂಗದ ಒಳಗೇ ಏರ್ತದೆ. ಏರಿದ್ರೆ ಎಂತ ಆಗ್ತದೆ ಶ್ಯಾಮಣ್ಣ?"

"ಆ ಕಡ್ಡಿಯನ್ನು ಮತ್ತೆ ಕಟ್ಟಲಿಕ್ಕೆ ಬಿಡಿ ನನ್ನನ್ನು," ಎಂದ ಶ್ಯಾಮ. ಈಗ ಅದು ಬೇಡಿಕೊಳ್ಳುವ ದನಿ. "ಕೈ ಮುಗೀತೇನೆ. ಮತ್ತೆ ಮಾತಾಡುವಾ. ಎಷ್ಟು ಹೊತ್ತಿನಿಂದ ನಿಂತಿದೆಯೋ ನೀರು."

"ಸುರಂಗದ ನೀರು ಎಲ್ಲಿಗೆ ಬರ್ತದೆ ಅಂತ ಹೇಳಿದ್ದು ನೀವು?"

ಮೂವರೂ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ಗೋದಾವರಿಯಮ್ಮ ನಿಂತಿದ್ದರು. ಊಟಕ್ಕೆ ಕರೆಯಲು ಬಂದವರು. ಕೈಯಲ್ಲಿ ಸಟ್ಟುಗ ಹಾಗೆಯೇ ಇತ್ತು.

"ಎಂತ ಇಲ್ಲ ಅಮ್ಮ. ನೀವು ಬಡಿಸಿ, ಬಂದೆ."

"ಕಕ್ಕಸಿಗೆ ಅಂದ ಹಾಗೆ ಕೇಳಿತು ನನಗೆ."

ಶ್ಯಾಮ ತಲೆ ತಗ್ಗಿಸಿದ. ಶೀಲಾವತಿಯೇ ಹೇಳಿದಳು: "ಹೌದು ಅಮ್ಮ. ಈಗ ಕಕ್ಕಸಿಗೆ ಬರುದು ಸುರಂಗದ ನೀರು."

ಗೋದಾವರಿಯಮ್ಮ ಸಿಟ್ಟಾಗುತ್ತಾರೆ, ಕೂಗಾಡುತ್ತಾರೆ ಎಂದು ಎಲ್ಲರೂ ಕಾದರು. ಅವರು ಕೂಗಾಡಲಿಲ್ಲ. ಸಟ್ಟುಗ ಹಿಡಿದುಕೊಂಡೇ ತಿರುಗಿ ಅಡುಗೆಮನೆಯೊಳಗೆ ಹೋದರು. ಶೀಲಾವತಿ, ಶ್ಯಾಮ ಇಬ್ಬರೂ ಹಿಂದೆಯೇ ಹೋದರು.

ಅಡುಗೆಮನೆಯ ನಲ್ಲಿಯ ಬಾಯಿಗೆ ನೀರು ಸೋಸಲು ಬಿಳಿ ಬಟ್ಟೆಯೊಂದನ್ನು ಕಟ್ಟಿದ್ದರು. ಗೋದಾವರಿಯಮ್ಮ ಅದರ ಗಂಟು ಬಿಚ್ಚಿದರು. ಬಟ್ಟೆಯ ಒಳಮೈ ಕೆಂಗಂದು ಬಣ್ಣಕ್ಕೆ ತಿರುಗಿತ್ತು. ಶೇಡಿಯ ಒಂದು ಕಣವೂ ಇರಲಿಲ್ಲ.

"ಮೊನ್ನೆಯೇ ನೋಡಿದ್ದೆ," ಎಂದರು. "ಅನ್ನ ಸ್ವಲ್ಪ ಕೆಂಪಾಗಿದೆ ಅಂತ ಹೇಳಿದ್ದಕ್ಕೆ, 'ಬೇಸಗೆ ಅಲ್ವಾ ಅಮ್ಮ, ಹಾಗೇ ಆಗುದು' ಅಂದ ಇವ. ನನ್ನ ಕಣ್ಣೇ ಸರಿ ಇಲ್ಲ ಅಂತ ಎಣಿಸಿದೆ." ಬಟ್ಟೆಯನ್ನು ಮಗನತ್ತ ಚಾಚಿದರು. "ಶ್ಯಾಮ, ಇಷ್ಟು ಸಮಯ ದೇವರ ತಲೆಗೆ ನಾನು ಹಾಕಿದ್ದು ಯಾವ ನೀರು?"

ಆಗ ಶೀಲಾವತಿಗೆ ಹೊಳೆಯಿತು. ಇಡೀ ಬೆಳಿಗ್ಗೆ ಅವಳು ತಲೆಕೆಳಗಾಗಿ ಯೋಚಿಸುತ್ತಿದ್ದಳು. ಕಕ್ಕಸಿಗೆ ಸುರಂಗದ ನೀರು ಯಾಕೆ ಬಂತು ಎಂದು ಕೇಳುತ್ತಿದ್ದಳು. ಕೇಳಬೇಕಾದದ್ದು, ಅಡುಗೆಮನೆಗೆ ಅದು ಬರುವುದು ಯಾಕೆ ನಿಂತಿತು ಎಂದು. ಮಡಲಿನ ರಾಶಿಯ ಹಿಂದೆ ಇನ್ನೊಂದು ಜೋಡಣೆ ಇದೆ. ಎರಡು ಪೈಪುಗಳನ್ನೂ ಅದಲುಬದಲು ಮಾಡಿದ್ದಾರೆ.

ಬೇರೆ ಯಾರಾದರೂ ಆಗಿದ್ದರೆ ಪೈಪಿನ ತಂಟೆಗೇ ಹೋಗುತ್ತಿರಲಿಲ್ಲ. ಬಚ್ಚಿಡಬೇಕಾದ್ದನ್ನು ಬಚ್ಚಿಟ್ಟು ಸುಮ್ಮನಿದ್ದರೆ ಯಾವ ಪೊಲೀಸಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಈ ಮನೆಯ ಮಗನಿಗೆ ಅದು ಸಾಧ್ಯವಾಗಿಲ್ಲ. ಆ ನೀರು ದೇವರ ತಲೆ ಮುಟ್ಟುವುದನ್ನು, ತಾಯಿ ಅದರಲ್ಲಿ ಅನ್ನ ಬೇಯಿಸುವುದನ್ನು ನೋಡಿಕೊಂಡು ಇರಲು ಆಗಿಲ್ಲ. ಯಾರ ಕಣ್ಣಿಗೂ ಬೀಳದೆ, ಯಾರ ಬಾಯಿಗೂ ಹೋಗದೆ ಅದು ಹರಿದುಹೋಗಲು ಮನೆಯಲ್ಲಿ ಇದ್ದದ್ದು ಒಂದೇ ದಾರಿ.

"ಗೋದಾವರಿಯಮ್ಮ," ಎಂದಳು ಶೀಲಾವತಿ. "ನಿಮ್ಮ ಮಗ ದೇವರಿಗೆ ಅಪಚಾರ ಮಾಡಿದ್ದಲ್ಲ. ಸುರಂಗದ ನೀರು ಇನ್ನು ದೇವರಿಗೆ ಆಗ್ಲಿಕ್ಕಿಲ್ಲ ಅಂತ ಅವರಿಗೆ ಗೊತ್ತಿತ್ತು."

"ಯಾಕೆ ಆಗ್ಲಿಕ್ಕಿಲ್ಲ? ಸುರಂಗದಲ್ಲಿ ಎಂತ ಉಂಟು?"

ಅಷ್ಟರಲ್ಲಿ, ಹಿತ್ತಲಿಗೆ ಹೋಗಿದ್ದ ಸಮನ್ವಿತಾ ಅಲ್ಲಿಂದ ಕೂಗಿದ್ದು ಕೇಳಿತು.

"ಅಕ್ಕಾ! ಕಣಿಯಲ್ಲಿ ನೀರು!"

ಓಡಿ ಹೋಗಿ ನೋಡಿದರೆ, ಬೆಳಿಗ್ಗೆ ಬಿರುಕು ಬಿಟ್ಟಿದ್ದ ಕಣಿಯಲ್ಲಿ ನೀರು ಇಳಿದು ಬರುತ್ತಿತ್ತು. ಹಾಲಿನಷ್ಟು ಬೆಳ್ಳಗೆ. ಬರುವ ಒಂದೊಂದು ಅಲೆಯೂ ಮೊದಲಿನದಕ್ಕಿಂತ ದಪ್ಪ. ಅದರ ಜೊತೆಗೆ ಗುಡ್ಡದಿಂದ ಒಂದು ವಾಸನೆಯೂ ಇಳಿದು ಬಂತು. ಕೆಲಸದಲ್ಲಿದ್ದಾಗ ಆ ವಾಸನೆಯನ್ನು ಒಮ್ಮೆ ಮೂಸಿದವರು ಮತ್ತೆ ಮರೆಯುವುದಿಲ್ಲ. ಶೀಲಾವತಿ ಸೆರಗನ್ನು ಮೂಗಿಗೆ ಹಿಡಿದಳು. ಕೊಟ್ಟಿಗೆಯಲ್ಲಿ ದನ ಹಗ್ಗ ಜಗ್ಗುತ್ತ ಕೂಗಿತು.

ಮೇಲೆ, ಗುಡ್ಡದ ಮೆಟ್ಟಿಲು ಮುಗಿಯುವಲ್ಲಿ, ಸುರಂಗದ ಬಾಯಿ. ಅದಕ್ಕೆ ಆಳೆತ್ತರ ಮುರಕಲ್ಲು ಪೇರಿಸಿ ಮಣ್ಣು ಮೆತ್ತಿದ್ದರು. ಆ ಮಣ್ಣು ಒದ್ದೆಯಾಗಿ ಒಂದೊಂದೇ ಕಡೆ ಕಳಚುತ್ತಿತ್ತು. ಒಂದು ಕಲ್ಲು ಧೊಪ್ಪೆಂದು ಬಿತ್ತು.

ಸಮನ್ವಿತಾ ಆ ಕಲ್ಲನ್ನು ನೋಡಿದಳು. ಭಾವನ ಮುಖ ನೋಡಿದಳು. ಆಮೇಲೆ ಯಾರಿಗೂ ಹಿಡಿಯಲು ಸಿಗದಂತೆ ಮೆಟ್ಟಿಲ ಕಡೆ ಓಡಿದಳು. ಬಿಳಿ ಕೆಸರಿನಲ್ಲಿ ಜಾರಿ ಬಿದ್ದು, ಎದ್ದು, ಮತ್ತೆ ಓಡಿದಳು. ಗಂಡನ ಹೆಸರು ಹಿಡಿದು ಕರೆಯದ ಹುಡುಗಿ ಈಗ "ಪ್ರಸನ್ನಾ, ಪ್ರಸನ್ನಾ" ಎಂದು ಕಿರುಚುತ್ತಿದ್ದಳು. ಶೀಲಾವತಿಗೆ ಅದನ್ನು ಕೇಳಲಾಗಲಿಲ್ಲ. ಟ್ಯಾಂಕು ಮುಟ್ಟದೆ ಇದ್ದಿದ್ದರೆ ಈ ಹುಡುಗಿಗೆ ಇನ್ನೊಂದು ದಿನವಾದರೂ ಆಸೆ ಉಳಿಯುತ್ತಿತ್ತು ಎಂದು ತನ್ನ ಕೈಗಳ ಮೇಲೆಯೇ ಸಿಟ್ಟು ಬಂತು.

"ಸಮನ್ವಿತಾ, ಹೋಗ್ಬೇಡ!" ಶ್ಯಾಮ ಅರಚಿದ. "ಅದು ಅವನಲ್ಲ!"

ಅವಳು ನಿಲ್ಲಲಿಲ್ಲ.

"ಪ್ರಸನ್ನ ಬದುಕಿದ್ದಾನೆ!"

ಅವಳು ನಿಂತಳು.

ಶ್ಯಾಮ ಕಣಿಯ ಬದಿಯಲ್ಲಿ ಕುಸಿದು ಕೂತಿದ್ದ. ಎರಡೂ ಕೈಯಿಂದ ತಲೆ ಹಿಡಿದುಕೊಂಡು, ನೆಲ ನೋಡುತ್ತ ಮಾತಾಡಿದ. "ಅವನನ್ನು ಕಳಿಸಿದ್ದು ನಾನು. ಜಾಲ್ಸೂರಿನಲ್ಲಿ ಬೈಕು ಬಿಟ್ಟದ್ದೂ ನಾನೇ. ಬದುಕಿದ್ದಾನೆ, ದೇವರಾಣೆ. ಒಳಗೆ ಇರುದು ಅವನಲ್ಲ."

"ಎಲ್ಲಿಗೆ ಕಳಿಸಿದ್ದು?" ಎಂದು ಶೀಲಾವತಿ ಗದರಿದಳು. ಅವನು ತಲೆಯನ್ನು ಇನ್ನಷ್ಟು ಬಗ್ಗಿಸಿದ.

ಸಮನ್ವಿತಾ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಮೊಣಕಾಲವರೆಗೆ ಶೇಡಿ ಮೆತ್ತಿತ್ತು. "ಬದುಕಿದ್ದಾರಾ?" ಎಂದಳು. ಇನ್ನೊಮ್ಮೆ, "ಬದುಕಿದ್ದಾರಾ ಭಾವ?" ಎಂದಳು. ಶ್ಯಾಮ ತಲೆಯಾಡಿಸಿದ. ಅವಳಿಗೆ ಅಳು ಬಂತು, ಅಳುವಿನ ನಡುವೆ ನಗು ಬಂತು. ನೋಡುತ್ತಿದ್ದ ಶೀಲಾವತಿಯ ಕಣ್ಣಿನಲ್ಲೂ ನೀರಾಡಿತು.

ಗೋದಾವರಿಯಮ್ಮ ಕೆಂಪಾದ ಆ ಬಟ್ಟೆಯನ್ನು ಇನ್ನೂ ಮುಷ್ಟಿಯಲ್ಲಿ ಹಿಡಿದೇ ಮೆಲ್ಲಗೆ ನಡೆದು ಬಂದು ಮಗನ ಎದುರು ನಿಂತರು.

"ಮತ್ತೆ ಯಾರು ಶ್ಯಾಮ? ನಮ್ಮ ಸುರಂಗದ ಒಳಗೆ ಇರುದು ಯಾರು?"

ಮೇಲೆ ಇನ್ನೊಂದು ಕಲ್ಲು ಕಳಚಿತು. ನೀರು ಮೆಟ್ಟಿಲು ತುಂಬಿ ಇಳಿಯತೊಡಗಿತು.

"ಯಾರ ಮನೆಯ ಮಗ ಅವ? ಹೇಳು," ಎಂದು ತಾಯಿ ಮತ್ತೆ ಕೇಳಿದರು.

ಶೀಲಾವತಿಯೂ ಅದನ್ನೇ ಕೇಳಲು ಬಾಯಿ ತೆರೆದವಳು, ಮೆಟ್ಟಿಲ ಕಡೆ ಕಣ್ಣು ಹೋಗಿ ಸುಮ್ಮನಾದಳು. ಸಮನ್ವಿತಾಳ ನಗು ಮುಗಿದಿತ್ತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು, ಕುಸಿಯುತ್ತಿದ್ದ ಕಲ್ಲುಗಳ ಕಡೆಗೆ ಬೆನ್ನು ಮಾಡಿ ಕೂತಿದ್ದಳು. ಗಂಡ ಬದುಕಿದ್ದಾನೆಯೇ ಎಂದು ಎರಡು ಸಲ ಕೇಳಿದವಳು, ಸತ್ತವನು ಯಾರು ಎಂದು ಒಮ್ಮೆಯೂ ಕೇಳಲಿಲ್ಲ.